ಗಡಿಗಳು ಸತ್ಯವೇ? ನಿತ್ಯವೇ?

ಪ್ರಾತಃಕಾಲದಲ್ಲಿ ಆಚಮನ, ಪ್ರಾಣಾಯಾಮಗಳನ್ನು ಮುಗಿಸಿ ಸಂಕಲ್ಪ ಮಾಡುವಾಗ ನಾವೆಲ್ಲರೂ ನಮ್ಮ ನೆಲೆಯನ್ನು ಹೇಳಿಕೊಳ್ಳುತ್ತೇವೆ. ದ್ವೀಪ ಯಾವುದು, ವರ್ಷ ಯಾವುದು, ಖಂಡ ಯಾವುದು, ಯಾವ ಅರಣ್ಯಪ್ರದೇಶ, ಯಾವ ನದಿಯ ಯಾವ ದಡ ಎಂದು ಕ್ರಮವಾಗಿ ಉಚ್ಚರಿಸಿ, ಬಳಿಕ ಸಂವತ್ಸರ ಅಯನ ಋತುಗಳಿಗೆ ಬರುತ್ತೇವೆ. ಕಳೆದ ವರ್ಷ ಉಪನಯನವಾದ ನಮ್ಮ ಮೊಮ್ಮಗನಿಗೆ ಇದನ್ನು ಪಾಠ ಹೇಳುತ್ತಿದ್ದಾಗ ಅವನು ಥಟ್ಟನೆ ಕೇಳಿದ: "ಅಜ್ಜಾ, ಇದರಾಗ ಗೋದಾವರಿ ಬಂತು. ತೆಲಂಗಾಣಾ ಎಲ್ಲಿ ಬಂತು?"

ಹುಡುಗನ ಪ್ರಶ್ನೆಗೆ ಆ ಕ್ಷಣದಲ್ಲಿ ನಾವು ನಕ್ಕು ಸುಮ್ಮನಾದೆವು. ಆದರೆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಬೆಂಗಳೂರಿನಲ್ಲಿರುವ ನಮ್ಮ ಬಂಧುಗಳೂ ಗೋದಾವರಿಯ ದಕ್ಷಿಣತೀರದವರೆಂದೇ ಹೇಳಿಕೊಂಡು ಸಂಕಲ್ಪ ಮಾಡುತ್ತಾರೆ; ಹೈದರಾಬಾದಿನ ನಾವೂ ಹಾಗೆಯೇ. ನಮ್ಮ ತಂದೆಯವರು 1948ಕ್ಕೆ ಮೊದಲು ಹೇಳುತ್ತಿದ್ದುದೂ ಇದೇ ನೆಲೆ, 1956ರ ನಂತರ ಹೇಳಿದ್ದೂ ಇದೇ. ಈ ನಡುವೆ ಆಳುವವರು ಬದಲಾದರು, ಭೂಪಟ ಬದಲಾಯಿತು, ನಮ್ಮನ್ನು ಜನ ಕರೆಯುವ ಹೆಸರೂ ಬದಲಾಯಿತು. ಹಾಗಾದರೆ ಗಡಿ ಎಂಬುದು ಎಷ್ಟರಮಟ್ಟಿಗೆ ಸತ್ಯ? ಅದು ನಮ್ಮನ್ನು ಎಲ್ಲಿಯವರೆಗೆ ಬಂಧಿಸಬಹುದು? ಗಡಿ ಸರಿದಾಗ ಅದರಡಿಯಲ್ಲಿ ಸಿಕ್ಕ ಜನರ ಕರ್ತವ್ಯವೇನು? ವಾಚಕರೊಡನೆ ಕುಳಿತು ವಿಚಾರ ಮಾಡಬೇಕೆಂಬ ಇಚ್ಛೆಯಿಂದ ಈ ಲೇಖನ.

ಒಂದೇ ಮನೆ, ನಾಲ್ಕು ರಾಜ್ಯ

ನಮ್ಮ ತಂದೆಯವರು ಅಂದಿನ ರಾಯಚೂರು ಜಿಲ್ಲೆಯ ಆಲಂಪುರ ತಾಲ್ಲೂಕಿನ ಒಂದು ಹಳ್ಳಿಯಿಂದ ಉದ್ಯೋಗಾರ್ಥವಾಗಿ ಹೈದರಾಬಾದಿಗೆ ಬಂದವರು. ಆಗ ರಾಯಚೂರು, ಗುಲಬರ್ಗಾ, ಬೀದರ ಜಿಲ್ಲೆಗಳು ನಿಜಾಮರ ಸಂಸ್ಥಾನಕ್ಕೆ ಸೇರಿದ್ದವು. ಹೈದರಾಬಾದು ಆ ಜಿಲ್ಲೆಗಳ ಜನರಿಗೆ ತಮ್ಮದೇ ರಾಜಧಾನಿ. ಆದುದರಿಂದ ತಂದೆಯವರು ಪರರಾಜ್ಯಕ್ಕೆ ವಲಸೆ ಹೋದವರಲ್ಲ. ಹಳ್ಳಿಯವನು ತನ್ನ ರಾಜ್ಯದ ರಾಜಧಾನಿಗೆ ಬಂದಂತೆ ಬಂದರು. ಕಛೇರಿಯ ಕಾಗದಪತ್ರ ಉರ್ದುವಿನಲ್ಲಿ, ಊರಿಗೆ ಬರೆಯುವ ಪತ್ರ ಕನ್ನಡದಲ್ಲಿ, ನೆರೆಮನೆಯ ಮಾತು ತೆಲುಗಿನಲ್ಲಿ, ದೇವರ ಮನೆಯ ಮಂತ್ರ ಸಂಸ್ಕೃತದಲ್ಲಿ. ಇವು ನಾಲ್ಕೂ ಒಬ್ಬ ಮನುಷ್ಯನಲ್ಲಿ ಕಲಹವಿಲ್ಲದೆ ವಾಸವಾಗಿದ್ದವು.

1948ರ ಸೆಪ್ಟೆಂಬರ್ 17ರಂದು ಸಂಸ್ಥಾನದ ಪ್ರತ್ಯೇಕತೆ ಕೊನೆಗೊಂಡಿತು. ಅದಕ್ಕೆ ಮುಂಚಿನ ತಿಂಗಳುಗಳ ಭಯವನ್ನು ಹಿರಿಯರು ಹೆಚ್ಚಾಗಿ ಮೌನದಲ್ಲಿಯೇ ಇಟ್ಟುಕೊಂಡಿದ್ದರು. ನಾವೂ ಅದನ್ನು ಇಲ್ಲಿ ಕೆದಕುವುದಿಲ್ಲ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವೇ ಇಲ್ಲವಾಯಿತು. ಕನ್ನಡದ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ, ಮರಾಠವಾಡ ಮುಂಬಯಿ ರಾಜ್ಯಕ್ಕೆ, ತೆಲಂಗಾಣ ಆಂಧ್ರಪ್ರದೇಶಕ್ಕೆ ಸೇರಿದವು. 2014ರ ಜೂನ್ 2ರಂದು ತೆಲಂಗಾಣ ಪ್ರತ್ಯೇಕ ರಾಜ್ಯವಾಯಿತು. ನಿಜಾಮರ ಸಂಸ್ಥಾನ, ಭಾರತದೊಳಗಿನ ಹೈದರಾಬಾದ್ ರಾಜ್ಯ, ಆಂಧ್ರಪ್ರದೇಶ, ತೆಲಂಗಾಣ ಎಂದು ನಮ್ಮ ಮನೆಯ ಹೊಸ್ತಿಲು ಅಲುಗದೆಯೇ ನಾಲ್ಕು ರಾಜ್ಯಗಳನ್ನು ಕಂಡಿತು.

ಗಡಿಯನ್ನು ದಾಟಿದವನು ಬೇರೆ, ಗಡಿಯೇ ಯಾರನ್ನು ದಾಟಿ ಹೋಯಿತೋ ಅವನು ಬೇರೆ. ಮೊದಲನೆಯವನು ತಾನು ಬಿಟ್ಟುದೇನು, ಪಡೆದುದೇನು ಎಂದು ತೂಗಿ ನೋಡಿ ಹೊರಟಿರುತ್ತಾನೆ. ಎರಡನೆಯವನನ್ನು ಯಾರೂ ಕೇಳಿರುವುದಿಲ್ಲ. ಒಂದು ಬೆಳಿಗ್ಗೆ ಎದ್ದಾಗ ಅವನ ತಾಯ್ನುಡಿ 'ಹೊರಗಿನ ಭಾಷೆ' ಆಗಿರುತ್ತದೆ. ಹೈದರಾಬಾದಿನ ಹಳೆಯ ಕನ್ನಡ ಕುಟುಂಬಗಳು ಬಹುಪಾಲು ಈ ಎರಡನೆಯ ವರ್ಗದವು.

ಗೆರೆ ಎಳೆದ ಬಗೆ

ನಕ್ಷೆಯ ಮೇಲೆ ಗೆರೆ ಎಷ್ಟು ಸಲೀಸಾಗಿ ಕಾಣುತ್ತದೆಯೋ ನೆಲದ ಮೇಲೆ ಅದು ಅಷ್ಟೇ ಕಠಿಣ. ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಇವರಿದ್ದ ರಾಜ್ಯ ಪುನರ್ವಿಂಗಡಣಾ ಆಯೋಗವು 1955ರ ವರದಿಯಲ್ಲಿ ಬೀದರ ಜಿಲ್ಲೆಯು ತೆಲಂಗಾಣದೊಡನೆ ಹೈದರಾಬಾದ್ ರಾಜ್ಯದಲ್ಲಿಯೇ ಉಳಿಯಲೆಂದು ಸೂಚಿಸಿತ್ತು. ಕೊನೆಗೆ ಕಾನೂನು ಆದಾಗ ಅದೇ ಜಿಲ್ಲೆ ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. ನಾರಾಯಣಖೇಡ ಆಂಧ್ರಕ್ಕೆ ಹೋಯಿತು. ಜಹೀರಾಬಾದು ಆಂಧ್ರಕ್ಕೆ ಹೋದರೂ ಅದರ ನಿರ್ಣಾ ವೃತ್ತ ಮಾತ್ರ ಮೈಸೂರಿಗೆ ಉಳಿಯಿತು. ಬೀದರ ಮೈಸೂರಿಗೆ ಬಂದರೂ ಅದರ ನ್ಯಾಲಕಲ್ ವೃತ್ತ ಆಂಧ್ರಕ್ಕೆ ಹೋಯಿತು. ಗುಲಬರ್ಗಾ ಜಿಲ್ಲೆಯಿಂದ ಕೊಡಂಗಲ್, ತಾಂಡೂರುಗಳು, ರಾಯಚೂರು ಜಿಲ್ಲೆಯಿಂದ ಗದ್ವಾಲ, ಆಲಂಪುರಗಳು ಆಂಧ್ರದ ಪಾಲಾದವು. ಒಬ್ಬ ಗಿರ್ದಾವರನ ವ್ಯಾಪ್ತಿಯೊಳಗಿದ್ದ ಹತ್ತಾರು ಹಳ್ಳಿಗಳನ್ನು ಹಿಡಿದು ಅತ್ತ ಇತ್ತ ಇಟ್ಟರೆಂದ ಮೇಲೆ, ಮನೆಮಾತಿನ ಗಡಿಯೂ ರಾಜ್ಯದ ಗಡಿಯೂ ಪೂರ್ತಿ ಒಂದಾಗುವುದು ಸಾಧ್ಯವೇ ಇರಲಿಲ್ಲವೆಂದು ತಿಳಿಯಬಹುದು.

ಇದರಲ್ಲಿ ಯಾರನ್ನೂ ದೂರುವಂತಿಲ್ಲ. ನಾಡಿನವರ ಆಡಳಿತ ನಾಡಿನವರ ಭಾಷೆಯಲ್ಲಿ ನಡೆಯಬೇಕೆಂಬ ಆಸೆ ನ್ಯಾಯವಾದುದೇ. ಗುಲಬರ್ಗೆಯ ರೈತನು ತನ್ನ ಪಹಣಿಯನ್ನು ತನ್ನ ಲಿಪಿಯಲ್ಲಿ ಓದುವಂತಾದುದು ಆ ವಿಂಗಡಣೆಯ ಫಲವೇ. ಆದರೆ ಗೆರೆ ಎಲ್ಲಿ ಬಿದ್ದರೂ ಅದರ ಆಚೆ ಕೆಲವರು ಉಳಿಯುತ್ತಾರೆ. ಕಾಸರಗೋಡಿನ ಕನ್ನಡಿಗರು ಹಾಗೆ ಉಳಿದರು, ಸೋಲಾಪುರ ಅಕ್ಕಲಕೋಟೆಗಳವರು ಉಳಿದರು, ನಾವೂ ಉಳಿದೆವು. ಅಂತೆಯೇ ಕರ್ನಾಟಕದ ಒಳಗೆ ತೆಲುಗರು, ಮರಾಠಿಗರು, ಉರ್ದು ಮಾತನಾಡುವವರು ಉಳಿದಿದ್ದಾರೆ.

ಆಲಂಪುರವನ್ನೇ ನೋಡಿ. ಅಲ್ಲಿಯ ನವಬ್ರಹ್ಮ ದೇವಾಲಯಗಳನ್ನು ಕಟ್ಟಿಸಿದವರು ಬಾದಾಮಿಯ ಚಾಲುಕ್ಯರು. ಇಂದು ಬಾದಾಮಿ ಕರ್ನಾಟಕದಲ್ಲಿದೆ. ಆಲಂಪುರವು 1956ರವರೆಗೆ ರಾಯಚೂರು ಜಿಲ್ಲೆ, ಅನಂತರ ಮಹಬೂಬನಗರ ಜಿಲ್ಲೆ, 2016ರಿಂದ ಜೋಗುಳಾಂಬಾ ಗದ್ವಾಲ ಜಿಲ್ಲೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಗೋದಾವರಿಯನ್ನು ಕನ್ನಡನಾಡಿನ ಉತ್ತರದ ಮೇರೆಯಾಗಿ ಹೇಳುತ್ತದೆಂದು ಕೆಲವರು ಅಭಿಮಾನದಿಂದ ಎತ್ತಿ ಆಡುತ್ತಾರೆ. ಅಭಿಮಾನ ಸಹಜ. ಆದರೆ ಆ ಮೇರೆ ಅಂದು ಇದ್ದಿತು, ಇಂದು ಇಲ್ಲ. ಇಂದಿನದು ಮುಂದೆಯೂ ಹೀಗೆಯೇ ಇರುವುದೆಂದು ಹೇಳಬಲ್ಲವರಾರು?

ಗಡಿಗಳು ಹಾದುಹೋದ ಕ್ಷೇತ್ರ

ನಮ್ಮ ವಾಚಕರಿಗೆ ಮಂತ್ರಾಲಯಕ್ಕಿಂತ ಆಪ್ತವಾದ ಉದಾಹರಣೆ ಬೇಕಿಲ್ಲ. ಶ್ರೀರಾಘವೇಂದ್ರತೀರ್ಥರು ತಮಿಳುನಾಡಿನ ಭುವನಗಿರಿಯಲ್ಲಿ ಅವತರಿಸಿ, ಕುಂಭಕೋಣದಲ್ಲಿ ವಿದ್ಯಾಪೀಠದ ಭಾರವನ್ನು ವಹಿಸಿ, 1671ರಲ್ಲಿ ತುಂಗಭದ್ರಾತೀರದ ಮಂಚಾಲೆಯಲ್ಲಿ ಬೃಂದಾವನಸ್ಥರಾದರು. ಅಂದು ಆದವಾನಿ ಪ್ರಾಂತವು ಬಿಜಾಪುರದ ಆದಿಲಶಾಹಿಗೆ ಸೇರಿತ್ತು. ಬಳಿಕ ಮೊಗಲರು, ನಿಜಾಮರು, ಸ್ವಲ್ಪಕಾಲ ಮೈಸೂರಿನ ಸುಲ್ತಾನರು ಬಂದರು. 1800ರಲ್ಲಿ ನಿಜಾಮರು ಈ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟದ್ದರಿಂದ ಇದು 'ದತ್ತ ಮಂಡಲ'ವಾಗಿ ಮದರಾಸಿಗೆ ಸೇರಿ, ಬಳ್ಳಾರಿ ಜಿಲ್ಲೆಯ ಆದವಾನಿ ತಾಲ್ಲೂಕಾಯಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಏಳು ತಾಲ್ಲೂಕುಗಳು ಮೈಸೂರಿಗೆ ಬಂದಾಗ ಆದವಾನಿ, ಆಲೂರು, ರಾಯದುರ್ಗ ಈ ಮೂರು ಹೊಸ ಆಂಧ್ರ ರಾಜ್ಯಕ್ಕೆ ಹೋದವು. ಹೀಗೆ ಮಂತ್ರಾಲಯ ಕರ್ನೂಲು ಜಿಲ್ಲೆಗೆ ಸೇರಿತು. ಎದುರು ದಡದ ಭಿಕ್ಷಾಲಯ, ಅಪ್ಪಣಾಚಾರ್ಯರ ಊರು, ರಾಯಚೂರು ಜಿಲ್ಲೆಯಲ್ಲಿಯೇ ಉಳಿಯಿತು.

ತಂದೆಯವರು ಬಾಲ್ಯದಲ್ಲಿ ಹೊಳೆ ದಾಟಿ ಮಂತ್ರಾಲಯಕ್ಕೆ ಹೋದರೆ ನಿಜಾಮರ ರಾಜ್ಯವನ್ನು ಬಿಟ್ಟು ಇಂಗ್ಲಿಷರ ರಾಜ್ಯಕ್ಕೆ ಹೋದಂತೆ. ಈ ದಡದಲ್ಲಿ ಹಾಲಿ ರೂಪಾಯಿ, ಆ ದಡದಲ್ಲಿ ಕಲ್ದಾರ್ ರೂಪಾಯಿ; ನಡುವೆ ಕರೋಡಗಿರಿಯ ನಾಕೆ. ಅಜ್ಜಿ ಹುಂಡಿಗೆ ಹಾಕಲು ಕಲ್ದಾರ್ ನಾಣ್ಯಗಳನ್ನು ಬೇರೆಯಾಗಿ ಗಂಟುಕಟ್ಟಿ ಇಡುತ್ತಿದ್ದರಂತೆ. ಇಂದು ನಾಕೆ ಇಲ್ಲ, ನಾಣ್ಯಗಳೂ ಇಲ್ಲ. ಎರಡು ದಡಗಳ ಒಡೆಯರೂ ಹೋದರು. ಯಾತ್ರೆ ಮಾತ್ರ ನಿಂತಿಲ್ಲ. 2009ರ ಅಕ್ಟೋಬರಿನಲ್ಲಿ ತುಂಗಭದ್ರೆ ಉಕ್ಕಿ ಬಂದಾಗ ಮಂತ್ರಾಲಯವೂ ಮುಳುಗಿತು, ಎದುರು ದಡದ ಹಳ್ಳಿಗಳೂ ಮುಳುಗಿದವು. ಪ್ರವಾಹವು ಜಿಲ್ಲೆಯ ಹೆಸರನ್ನು ಕೇಳಲಿಲ್ಲ.

ನೀರಿನ ಜಗಳ

ಇಷ್ಟು ಹೇಳಿದ ಮೇಲೆ "ಗಡಿಗಳೆಲ್ಲ ಭ್ರಮೆ, ಮನುಷ್ಯರೆಲ್ಲ ಒಂದೇ" ಎಂದು ಮುಗಿಸಿಬಿಡುವುದು ಸುಲಭ. ನಾವು ಹಾಗೆ ಹೇಳುವುದಿಲ್ಲ. ಕಾರಣವನ್ನು ನಮ್ಮ ಮನೆಯ ಪ್ರಸಂಗದಿಂದಲೇ ನಿವೇದಿಸುತ್ತೇವೆ.

ಮಾನವಿ ತಾಲ್ಲೂಕಿನಲ್ಲಿ ತುಂಗಭದ್ರೆಗೆ ಅಡ್ಡಲಾಗಿರುವ ರಾಜೋಳಿಬಂಡಾ ಅಣೆಕಟ್ಟಿನ ಎಡದಂಡೆ ಕಾಲುವೆಯನ್ನು ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಯೋಜಿಸಿದಾಗ ಅದರ ತಲೆಯೂ ಬಾಲವೂ ಒಂದೇ ರಾಯಚೂರು ಜಿಲ್ಲೆಯಲ್ಲಿದ್ದವು. 1956ರ ಗೆರೆ ಕಾಲುವೆಯನ್ನೇ ಕತ್ತರಿಸಿತು. ಸುಮಾರು 143 ಕಿಲೋಮೀಟರ್ ಉದ್ದದ ಕಾಲುವೆಯಲ್ಲಿ ಮೊದಲ 42 ಕಿಲೋಮೀಟರ್ ಕರ್ನಾಟಕದಲ್ಲಿ ಉಳಿಯಿತು. ನೀರುಣ್ಣಬೇಕಾದ ಭೂಮಿಯಲ್ಲಿ ಸುಮಾರು 87,500 ಎಕರೆ ಗಡಿಯಾಚೆ ಹೋಯಿತು. ಬಚಾವತ್ ನ್ಯಾಯಮಂಡಳಿ 15.9 ಟಿ.ಎಂ.ಸಿ. ಆಂಧ್ರದ ಭಾಗಕ್ಕೆ, 1.2 ಟಿ.ಎಂ.ಸಿ. ಕರ್ನಾಟಕಕ್ಕೆ ಎಂದು ಹಂಚಿತು. ಆದರೆ ಹಂಚಿಕೆಯ ಕಾಗದವೇ ಬೇರೆ, ಬಾಲದ ಹೊಲಕ್ಕೆ ಬಂದು ತಲುಪುವ ನೀರೇ ಬೇರೆ ಎಂಬುದು ರೈತರಿಗೆ ಗೊತ್ತು.

ನಮ್ಮ ತಾಯಿಯ ತವರು ಮಾನವಿ ತಾಲ್ಲೂಕಿನಲ್ಲಿ, ಕಾಲುವೆಯ ತಲೆಯ ಕಡೆ. ತಂದೆಯ ಊರು ಬಾಲದ ಕಡೆ. 1980ರ ದಶಕದಲ್ಲಿ ನಮ್ಮ ಮನೆಯ ಒಂದು ಉಪನಯನದಲ್ಲಿ ಊಟದ ಪಂಕ್ತಿ ಎದ್ದ ಮೇಲೆ ಕಾಕಾ ಅವರಿಗೂ ಸೋದರಮಾವನಿಗೂ ಮಾತು ಬೆಳೆಯಿತು. "ನಿಮ್ಮ ಕರ್ನಾಟಕದವರು ಕಾಲುವಿಗೆ ಎಂಜಿನ್ ಹಚ್ಚಿ ನೀರು ಎಳಕೊಂತೀರಿ, ನಮ್ಮ ಹೊಲ ಒಣಗತಾವ" ಎಂದರು ಕಾಕಾ. "ನಿಮ್ಮ ಆಂಧ್ರದವರಿಗೆ ಎಷ್ಟು ಬಿಟ್ರೂ ಸಾಲಂಗಿಲ್ಲ" ಎಂದರು ಮಾವ. ಇಬ್ಬರೂ ಒಂದೇ ಕನ್ನಡದಲ್ಲಿ ಬೈದಾಡಿದರು. ತಂದೆಯವರು ನಡುವೆ ಬಂದು, "ನನ್ನ ಲಗ್ನ ಆದಾಗ ಇಬ್ಬರದೂ ಒಂದೇ ಜಿಲ್ಲಾ ಇತ್ತು. ಕಾಲುವಿಗೆ ಇನ್ನಾ ನೀರೂ ಬಂದಿದ್ದಿಲ್ಲ, ಜಗಳಾನೂ ಇದ್ದಿಲ್ಲ" ಎಂದರು. ಯಾರೂ ನಗಲಿಲ್ಲ. ಕಾಕಾ ಅಂದು ತಾಂಬೂಲ ತೆಗೆದುಕೊಳ್ಳದೆ ಊರಿಗೆ ಹೊರಟರು. ಎರಡು ಮನೆಗಳ ಹೋಗುಬರುವಿಕೆ ಕೆಲವು ವರ್ಷ ನಿಂತೇ ಹೋಯಿತು.

ಆ ಜಗಳದಲ್ಲಿ ಎರಡು ಅಂಶಗಳಿದ್ದವು. ಕಾಕಾ ಅವರ ಹೊಲ ಒಣಗುತ್ತಿದ್ದುದು ಸತ್ಯ. ನೀರು ಹಂಚುವ ಗಡಿಯೂ ಸತ್ಯ. ಆದರೆ 'ನಿಮ್ಮವರು', 'ನಮ್ಮವರು' ಎಂಬ ಮಾತು ಕೇವಲ ಮೂವತ್ತು ವರ್ಷದ್ದು. ಗಡಿ ನೀರನ್ನು ಮಾತ್ರ ಹಂಚಲು ಬಂದಿತ್ತು. ಇವರು ಅದಕ್ಕೆ ಮನಸ್ಸನ್ನೂ ಹಂಚಿಕೊಟ್ಟರು.

ಸತ್ಯವಾದುದೆಲ್ಲ ನಿತ್ಯವಲ್ಲ

ಇಲ್ಲಿ ನಮ್ಮ ಸಿದ್ಧಾಂತದ ಒಂದು ವಿವೇಕ ಬಹಳ ಉಪಕಾರಕ. ಜಗತ್ತು ಸತ್ಯವೆಂದು ಆಚಾರ್ಯರು ಸಾರಿದರು. ಆದರೆ ಸತ್ಯವಾದುದೆಲ್ಲ ನಿತ್ಯವೆಂದು ಅವರು ಹೇಳಲಿಲ್ಲ. ಗಡಿಗೆ ಒಡೆದುಹೋಗುವ ವಸ್ತು. ಆದರೂ ಒಡೆಯುವವರೆಗೆ ನೀರನ್ನು ಹಿಡಿಯುವ ಸತ್ಯವಸ್ತು. ಅನಿತ್ಯವೆಂಬ ಮಾತ್ರಕ್ಕೆ ಅದು ಮಿಥ್ಯೆಯಲ್ಲ. ಸತ್ಯವೆಂಬ ಮಾತ್ರಕ್ಕೆ ಅದು ಶಾಶ್ವತವೂ ಅಲ್ಲ. ರಾಜ್ಯದ ಗಡಿಯನ್ನು ಈ ಮಟ್ಟಿಗೆ ಗಡಿಗೆಗೆ ಹೋಲಿಸಬಹುದು. ಅದನ್ನು ಮಿಥ್ಯೆ ಎಂದು ಅವಗಣಿಸುವವನು ಕಂದಾಯ, ನೀರು, ನ್ಯಾಯಗಳ ವ್ಯವಸ್ಥೆಯನ್ನು ಕೆಡಿಸುತ್ತಾನೆ. ನಿತ್ಯವೆಂದು ಪೂಜಿಸುವವನು ಬಂಧುವನ್ನು ಪರಕೀಯನನ್ನಾಗಿ ಮಾಡಿಕೊಳ್ಳುತ್ತಾನೆ.

ಒಬ್ಬ ಮಿತ್ರರು ಆಕ್ಷೇಪಿಸಿದರು: "ನಾವು ಭೇದವನ್ನು ಸತ್ಯವೆನ್ನುವವರು. ಹಾಗಾದರೆ ಕನ್ನಡಿಗ ತೆಲುಗ ಎಂಬ ಭೇದವೂ ಸತ್ಯವಲ್ಲವೇ?" ಸತ್ಯವೇ. ಆದರೆ ಭೇದವು ವಸ್ತುವಿನ ಸ್ವರೂಪಕ್ಕೆ ಸೇರಿದ್ದೆಂಬುದು ನಮ್ಮವರ ನಿಲುವು. ಒಂದು ವಸ್ತು ತಾನು ಏನಾಗಿದೆಯೋ ಅದರಿಂದಲೇ ಇತರ ವಸ್ತುಗಳಿಂದ ಬೇರೆಯಾಗಿರುತ್ತದೆ. ಹೊರಗಿನಿಂದ ಯಾರೋ ಬಂದು ಗೆರೆ ಎಳೆದುದರಿಂದಲ್ಲ. ಗೆರೆ ಎಳೆದರೆ ಹುಟ್ಟಿ, ಅಳಿಸಿದರೆ ಸಾಯುವ ಭೇದ ಸ್ವರೂಪಕ್ಕೆ ಸೇರಿದ್ದಲ್ಲ. 1956ರ ಅಕ್ಟೋಬರ್ 31ರ ರಾತ್ರಿ ಮಲಗಿದ ಕಾಕಾ ಮರುದಿನ ಬೇರೊಬ್ಬ ಮನುಷ್ಯನಾಗಿ ಏಳಲಿಲ್ಲ. ಮತ್ತೂ ಒಂದು ಮಾತು: ಭೇದವನ್ನು ಒಪ್ಪುವುದೆಂದರೆ ದ್ವೇಷವನ್ನು ಒಪ್ಪುವುದಲ್ಲ. ಇನ್ನೊಬ್ಬನು ನನ್ನಿಂದ ನಿಜವಾಗಿಯೂ ಬೇರೆಯವನೆಂದು ತಿಳಿದವನೇ ಅವನನ್ನು ಅವನಾಗಿಯೇ ಗೌರವಿಸಬಲ್ಲ.

ರೈಲ್ವೆಯಲ್ಲಿ ಕಲಿತ ಪಾಠ

ನಾವು ನಾಲ್ಕು ದಶಕಗಳ ಹತ್ತಿರ ರೈಲ್ವೆಯಲ್ಲಿ ದುಡಿದವರು. ವಾಡಿಯಿಂದ ದಕ್ಷಿಣಕ್ಕೆ ಹೊರಟ ಗಾಡಿ ಯಾದಗಿರಿ, ಸೈದಾಪುರ ದಾಟಿ ಕೃಷ್ಣಾ ಎಂಬ ನಿಲ್ದಾಣಕ್ಕೆ ಬಂದರೆ ಅದು ತೆಲಂಗಾಣ. ಸೇತುವೆ ದಾಟಿ ರಾಯಚೂರು ಮುಟ್ಟಿದರೆ ಮತ್ತೆ ಕರ್ನಾಟಕ. ಮಟಮಾರಿ ಕಳೆದು ತುಂಗಭದ್ರೆಯ ಸೇತುವೆ ದಾಟಿ ಮಂತ್ರಾಲಯಂ ರೋಡಿಗೆ ಬಂದರೆ ಆಂಧ್ರಪ್ರದೇಶ. ಮಲಗಿದ ಪ್ರಯಾಣಿಕನಿಗೆ ಇದಾವುದೂ ತಿಳಿಯುವುದಿಲ್ಲ. ಮುಂಬಯಿಯ ಕಡೆಯಿಂದ ಬಂದ ಹಳಿಯೂ ಮದರಾಸಿನ ಕಡೆಯಿಂದ ಬಂದ ಹಳಿಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಅಂದಿನಿಂದ ಆ ಹಳಿ ಅನೇಕ ರಾಜ್ಯಗಳನ್ನು ಕಂಡಿದೆ.

ರೈಲ್ವೆಗೂ ತನ್ನವೇ ಗಡಿಗಳಿವೆ, ಅವೂ ಸರಿಯುತ್ತವೆ. 1966ರಲ್ಲಿ ಸಿಕಂದರಾಬಾದಿನಲ್ಲಿ ದಕ್ಷಿಣ ಮಧ್ಯ ರೈಲ್ವೆ ಹುಟ್ಟಿದಾಗ ಸೋಲಾಪುರ ವಿಭಾಗ ಅದರಲ್ಲಿತ್ತು. 1977ರಲ್ಲಿ ಸೋಲಾಪುರ ಮಧ್ಯ ರೈಲ್ವೆಗೆ ಹೋಗಿ ಗುಂತಕಲ್ಲು ನಮ್ಮಲ್ಲಿಗೆ ಬಂದಿತು. 2003ರಲ್ಲಿ ಹುಬ್ಬಳ್ಳಿ ಬೇರೆಯಾಗಿ ನೈಋತ್ಯ ರೈಲ್ವೆಯ ಕೇಂದ್ರವಾಯಿತು. ವಿಭಾಗದ ಗಡಿಯಲ್ಲಿ ಫಲಕ ನೆಟ್ಟಿರುತ್ತದೆ: ಇಲ್ಲಿಯವರೆಗೆ ಹಳಿಯ ಹೊಣೆ ಇವರದು, ಇಲ್ಲಿಂದ ಮುಂದೆ ಅವರದು. ಆ ಗೆರೆ ಇಲ್ಲದಿದ್ದರೆ ಯಾವ ಹಳಿಗೂ ದಿಕ್ಕಿಲ್ಲ. ಆದರೆ ಫಲಕದ ಆಚೆ ಹತ್ತು ಮಾರಿನಲ್ಲಿ ಹಳಿ ಮುರಿದುದು ಈಚೆಯ ಗ್ಯಾಂಗಮನ್ನನ ಕಣ್ಣಿಗೆ ಬಿದ್ದರೆ "ಅದು ನಮ್ಮ ವಿಭಾಗವಲ್ಲ" ಎಂದು ಅವನು ನಡೆದುಬಿಡುವಂತಿಲ್ಲ. ಮೊದಲು ಕೆಂಪು ಬಾವುಟ ಹಿಡಿದು ಬರುವ ಗಾಡಿಯನ್ನು ನಿಲ್ಲಿಸಬೇಕು. ಯಾರ ವಿಭಾಗವೆಂಬ ಮಾತು ಆಮೇಲೆ. ಅಪಾಯ ಕಂಡ ರೈಲ್ವೆ ನೌಕರ ಯಾವನೇ ಆಗಲಿ, ಇದು ಅವನ ಮೇಲಿರುವ ನಿಯಮ.

ಗಡಿಯ ಧರ್ಮವನ್ನು ನಾವು ಇದರಿಂದ ತಿಳಿದುಕೊಂಡೆವು. ಗಡಿ ಇರುವುದು ಹೊಣೆಯನ್ನು ಹಂಚುವುದಕ್ಕೆ, ಹೊಣೆಯಿಂದ ತಪ್ಪಿಸಿಕೊಳ್ಳುವುದಕ್ಕಲ್ಲ. ಮಾನವಿಯ ಮಾವ ಮತ್ತು ಆಲಂಪುರದ ಕಾಕಾ ಇದನ್ನು ತಿಳಿದಿದ್ದರೆ ಜಗಳ ತಪ್ಪುತ್ತಿತ್ತೆಂದು ಹೇಳಲಾರೆವು, ತಾಂಬೂಲವಾದರೂ ಉಳಿಯುತ್ತಿತ್ತು.

ನಮ್ಮದೇ ಒಂದು ತಪ್ಪು

ಉಪದೇಶಿಸುವವನು ತನ್ನ ಲೋಪವನ್ನೂ ಹೇಳಬೇಕು. ಇಲ್ಲಿಯ ನೆರೆಹೊರೆಯವರಿಗೆ ನಾವು 'ಕನ್ನಡಂವಾಳ್ಳು'. ಬೆಂಗಳೂರಿನ ಬಂಧುಗಳಿಗೆ 'ಆಂಧ್ರದವರು', ಈಚೆಗೆ 'ತೆಲಂಗಾಣದವರು'. ಎರಡು ಕಡೆಯೂ ಅರ್ಧ ಅತಿಥಿಗಳಾದ ನೋವು ನಮಗೆ ತಿಳಿಯದ್ದಲ್ಲ. ಸಂವಿಧಾನದ 371-ಜೆ ವಿಧಿಯಡಿ ಅಂದಿನ ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಿಗೆ ವಿಶೇಷ ಅವಕಾಶ ದೊರೆತಾಗ, ಎಂದೋ ನಿಜಾಮರು ಬಿಟ್ಟುಕೊಟ್ಟಿದ್ದ ಬಳ್ಳಾರಿ ಅದರಲ್ಲಿ ಸೇರಿತು. ಹೈದರಾಬಾದಿನಲ್ಲಿಯೇ ಬೆಳೆದ ನಮ್ಮ ಮಕ್ಕಳು ಸೇರಲಿಲ್ಲ. ನ್ಯಾಯವಾಗಿ ನೋಡಿದರೆ ಅದು ಸರಿಯೇ. ಅವಕಾಶ ಇರುವುದು ಹಿಂದುಳಿದ ನೆಲಕ್ಕೆ, ನಮ್ಮ ನೆನಪುಗಳಿಗಲ್ಲ.

ಇಂತಹ ನೋವು ಉಂಡವರೇ ಇನ್ನೊಂದು ಗೆರೆ ಎಳೆದೆವು. ಕೆಲವು ವರ್ಷಗಳ ಹಿಂದೆ ಪರಿಚಿತರ ಸಣ್ಣ ಗೋಷ್ಠಿಯಲ್ಲಿ ಒಬ್ಬ ತರುಣ, ಮಕ್ಕಳಿಗಾಗಿ ದಾಸರ ಪದಗಳನ್ನು ತೆಲುಗು ಲಿಪಿಯಲ್ಲಿ ಅಚ್ಚು ಹಾಕೋಣವೆಂದ. ನಾವು ಕಟುವಾಗಿ ವಿರೋಧಿಸಿದೆವು: ಲಿಪಿಯನ್ನು ಬಿಟ್ಟವರು ನಾಳೆ ಭಾಷೆಯನ್ನು ಬಿಡುತ್ತಾರೆ, ಅಂಥವರಿಗೆ ಪದಗಳೇಕೆ ಎಂದೆವು. ಆ ತರುಣ ಮತ್ತೆ ಗೋಷ್ಠಿಗೆ ಬರಲಿಲ್ಲ. ಅನಂತರ ಒಂದು ದಿನ ಮೊಮ್ಮಗಳ ಪುಸ್ತಕ ತೆರೆದು ನೋಡಿದರೆ, ತನ್ನ ಅಜ್ಜಿ ಹಾಡುವ ಪದಗಳನ್ನೆಲ್ಲ ಅವಳು ಕೇಳಿ ಕೇಳಿ ಒಂದೂ ಬಿಡದೆ ಬರೆದಿಟ್ಟಿದ್ದಳು. ಅಕ್ಷರ ತೆಲುಗು, ಮಾತು ಶುದ್ಧ ಕನ್ನಡ. ನಮ್ಮ ನಾಲಿಗೆ ಕಟ್ಟಿತು.

ಕನ್ನಡ ತೆಲುಗುಗಳ ಲಿಪಿ ಶತಮಾನಗಳ ಕಾಲ ಒಂದೇ ಆಗಿದ್ದು ಆಮೇಲೆ ಕವಲೊಡೆಯಿತೆಂಬುದು ಶಾಸನಗಳನ್ನು ಓದಿದ ನಮಗೆ ತಿಳಿಯದ ವಿಷಯವಲ್ಲ. ತಲೆಕಟ್ಟಿನ ವ್ಯತ್ಯಾಸವನ್ನು ತೋರಿಸಿ ಕುಳ್ಳಿರಿಸಿದರೆ ಕೆಲವೇ ವಾರಗಳಲ್ಲಿ ಅವಳು ಕನ್ನಡ ಓದತೊಡಗಿದಳು. ಗೆರೆಯ ಆಚೆ ನಿಂತು ಬೈದಿದ್ದರೆ ಎಂದೂ ಕಲಿಯುತ್ತಿರಲಿಲ್ಲ. ಆ ತರುಣನನ್ನು ಹುಡುಕಿಕೊಂಡು ಹೋಗಿ ಕ್ಷಮೆ ಕೇಳಿದೆವು. ಅವನ ಮನೆಯಲ್ಲಿಯೂ ಈಗ ಎರಡು ಲಿಪಿಗಳಲ್ಲಿ ಪದಗಳು ಕೇಳಿಬರುತ್ತವೆ.

ಉಪಸಂಹಾರ

ಗಡಿಯಾಚೆ ಉಳಿದವನಿಗೆ ಎರಡು ಋಣಗಳು. ಅನ್ನ ಕೊಟ್ಟ ನೆಲದ ಋಣ ಒಂದು. ಅದರ ಭಾಷೆಯನ್ನು ಕಲಿತು, ಅದರ ಜನರ ಸುಖದುಃಖಗಳಲ್ಲಿ ಭಾಗಿಯಾಗಿ ತೀರಿಸಬೇಕು. ಮಾತು ಕಲಿಸಿದ ತಾಯಿಯ ಋಣ ಇನ್ನೊಂದು; ಮಕ್ಕಳ ಬಾಯಲ್ಲಿ ಆ ಮಾತನ್ನು ಉಳಿಸಿ ತೀರಿಸಬೇಕು. ಒಂದನ್ನು ತೀರಿಸಲು ಇನ್ನೊಂದನ್ನು ಮರೆಯಬೇಕೆನ್ನುವವರ ಮಾತಿಗೆ ಕಿವಿಗೊಡಬಾರದು. ಗಡಿಯೀಚೆ ಬಹುಸಂಖ್ಯಾತರಾಗಿ ಉಳಿದವರಿಗೂ ಒಂದು ಋಣವಿದೆ: ತಮ್ಮ ನಡುವೆ ಉಳಿದ ಅನ್ಯಭಾಷಿಕರನ್ನು, ಆಚೆ ತಮ್ಮವರನ್ನು ಹೇಗೆ ನಡೆಸಿಕೊಳ್ಳಬೇಕೆಂದು ಬಯಸುತ್ತಾರೋ ಹಾಗೆಯೇ ನಡೆಸಿಕೊಳ್ಳುವುದು.

ಮೊಮ್ಮಗನಿಗೆ ಕೊನೆಗೆ ನಾವು ಕೊಟ್ಟ ಉತ್ತರ ಇಷ್ಟು: "ತೆಲಂಗಾಣಾ ಶಾಲೀ ಪುಸ್ತಕದಾಗ ಅದ, ರೇಷನ್ ಕಾರ್ಡಿನಾಗ ಅದ, ನಾವು ಓಟು ಹಾಕೋ ಕಡೆ ಅದ. ಅಲ್ಲೆಲ್ಲಾ ಅದನ್ನ ಸರಿಯಾಗಿ ಬರೀಬೇಕು, ತಪ್ಪಬಾರದು. ಸಂಕಲ್ಪದಾಗ ಮಾತ್ರ ಹೊಳೀ ಹೆಸರು ಹೇಳು." ಅವನು ಸ್ವಲ್ಪ ಹೊತ್ತು ಯೋಚಿಸಿ, "ಹೊಳಿ ದಿಕ್ಕು ಬದಲಾಯಿಸಿದರ?" ಎಂದ. ಹಾಗಾದಾಗ ಸಂಕಲ್ಪ ಹೇಗೆ ಹೇಳಬೇಕೆಂಬುದನ್ನು ಅಂದಿನ ಹಿರಿಯರು ನಿಶ್ಚಯಿಸಲಿ ಎಂದೆವು.

|| ಶ್ರೀಕೃಷ್ಣಾರ್ಪಣಮಸ್ತು ||